ಇಪ್ಪತ್ತು ಸಾಲು, ಒಂದು ಸುತ್ತು

ನಮ್ಮ ಬೆಕ್ಕು ಬೆಲ್ಲ ಮನೆ ಬಿಟ್ಟು ಓಡಿದ್ದು ಕಳೆದ ದೀಪಾವಳಿ ಅಮಾವಾಸ್ಯೆಯ ರಾತ್ರಿ, ಎಂಟೂವರೆ ಸುಮಾರಿಗೆ. ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಎದುರು ರಸ್ತೆಯಲ್ಲಿ ಯಾರೋ ಸರ ಪಟಾಕಿ ಹಚ್ಚಿದರು. ಒಗ್ಗರಣೆ ಹೊಗೆ ಹೋಗಲಿ ಅಂತ ಅಡುಗೆಮನೆ ಕಿಟಕಿಯನ್ನು ನಾನೇ ತೆರೆದಿದ್ದೆ. ಬೆಲ್ಲ ಅಂದರೆ ಬೆಲ್ಲದ ಬಣ್ಣದ ಗಂಡು ಬೆಕ್ಕು. ನಾಲ್ಕು ವರ್ಷದವನು, ಹೊಸಿಲು ದಾಟಿ ಅಭ್ಯಾಸವೇ ಇಲ್ಲ. ಕಿಟಕಿ ಕಂಬಿಯ ಸಂದಿಯಲ್ಲಿ ಬಾಲ ಕಂಡಿತು, ಅಷ್ಟೇ.

ಮೊದಲ ಎರಡು ದಿನ ನಾವು ಮಾಡಿದ್ದೆಲ್ಲ ತಪ್ಪು. ನಾನು, ನಮ್ಮ ಮನೆಯವರು, ಮಗ, ಪಕ್ಕದ ಮನೆಯ ಹುಡುಗರು ಸೇರಿ ರಸ್ತೆ ರಸ್ತೆ ಸುತ್ತಿದೆವು. ಊಟದ ಡಬ್ಬಿ ಅಲ್ಲಾಡಿಸಿದೆವು, ಗಂಟಲು ಕಟ್ಟುವ ತನಕ ಕೂಗಿದೆವು. ಹೆದರಿದ ಬೆಕ್ಕು ಕೂಗಿಗೆ ಓಗೊಡುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಸದ್ದು ಮಾಡಿದರೆ ತಾನಿರುವ ಜಾಗ ತಿಳಿದುಬಿಡುತ್ತದೆ ಅಂತ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಸಾಕಿದವರ ದನಿ ಕೇಳಿದರೂ ಅಷ್ಟೇ.

ಮೂರನೇ ದಿನ ಮಗ ಕೂತು ಓದಿ ಹೇಳಿದ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಅದರಲ್ಲಿ 1,210 ಬೆಕ್ಕುಗಳ ವಿವರ ಇದೆ. ಸಿಕ್ಕಿದ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಒಟ್ಟು ಬೆಕ್ಕುಗಳಲ್ಲಿ ಮೂರನೇ ಒಂದು ಪಾಲು ಮೊದಲ ಏಳು ದಿನದಲ್ಲೇ ಜೀವಂತ ಸಿಕ್ಕಿದ್ದವು. ಅಂದರೆ ದೂರ ಹೋಗುವ ಬದಲು ಹತ್ತಿರದಲ್ಲೇ ಹುಡುಕಬೇಕು, ಅದೂ ರಾತ್ರಿ ಗಲಾಟೆ ಅಡಗಿದ ಮೇಲೆ. ಹನ್ನೊಂದರಿಂದ ಬೆಳಗಿನ ಜಾವದವರೆಗೆ ಎದ್ದಿರಬೇಕು.

ಎದ್ದಿರುವುದು ಕಷ್ಟವಲ್ಲ. ಹೇಗೂ ನಿದ್ದೆ ಬರುತ್ತಿರಲಿಲ್ಲ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಹೊತ್ತೇ ಕಷ್ಟ. ಸುಮ್ನೆ ಕೂತರೆ ತಲೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ನೀರಿನ ಸಂಪಿನೊಳಗೆ ಬಿದ್ದಿರಬಹುದಾ, ಬೀದಿನಾಯಿ ಹಿಡಿದಿರಬಹುದಾ, ಮುಖ್ಯ ರಸ್ತೆಗೆ ಹೋಗಿರಬಹುದಾ. ಮೊಬೈಲ್ ಹಿಡಿದರೆ ಇನ್ನೂ ಕೆಟ್ಟದ್ದು. ಆ ಬೆಳಕು ನೋಡಿ ತಲೆ ಎತ್ತಿದರೆ ಐದು ನಿಮಿಷ ಕತ್ತಲಲ್ಲಿ ಏನೂ ಕಾಣುವುದಿಲ್ಲ.

ಹಾಗಾಗಿ ಹೆಣಿಗೆ ಎತ್ತಿಕೊಂಡೆ. ನಾನು ಬೆಳೆದದ್ದು ಚಿಕ್ಕಮಗಳೂರಿನಲ್ಲಿ. ಅಲ್ಲಿನ ಚಳಿಗೆ ಅಮ್ಮ ಪ್ರತಿ ವರ್ಷ ಸ್ವೆಟರ್ ಹೆಣೆಯುತ್ತಿದ್ದಳು, ನನಗೂ ಕಲಿಸಿದ್ದಳು. ಆಗ ಕೈಯಲ್ಲಿ ಇದ್ದದ್ದು ತಂಗಿಯ ಮಗಳ ಬಾಣಂತನಕ್ಕೆ ಅಂತ ಶುರು ಮಾಡಿದ್ದ ಮಗುವಿನ ಸ್ವೆಟರ್. ತೋಳಿನ ಹತ್ತಿರ ಬಂದಿದ್ದೆ. ಅಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎರಡೂ ತುದಿಯಲ್ಲಿ ಒಂದೊಂದು ಸ್ಟಿಚ್ ಕಡಿಮೆ ಮಾಡುತ್ತಾ ಹೋಗಬೇಕು, ಲೆಕ್ಕ ಇಡಬೇಕು. ಒಂದು ಗಂಟೆಯಲ್ಲಿ ಮೂರು ಸಲ ಬಿಚ್ಚಿದೆ. ಲೆಕ್ಕ ತಪ್ಪಿದಾಗಲೆಲ್ಲ ಅಳು ಬರುತ್ತಿತ್ತು. ಆತಂಕದಲ್ಲಿ ಇರುವವರು ಲೆಕ್ಕದ ಡಿಸೈನ್ ಹಿಡಿಯಲೇಬಾರದು. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಸ್ವೆಟರ್ ಎತ್ತಿಟ್ಟು ಮಫ್ಲರ್ ಶುರು ಮಾಡಿದೆ. 8ನೇ ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರಿನದು. 45 ಸ್ಟಿಚ್. ಬರೀ ನಿಟ್, ಅಂದರೆ ಸೀದಾ ಹೆಣಿಗೆ. ಪರ್ಲ್, ಅಂದರೆ ಉಲ್ಟಾ ಹೆಣಿಗೆ, ಇಲ್ಲ. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಇದರಲ್ಲಿ ಕಣ್ಣಿನ ಕೆಲಸ ಇಲ್ಲ, ಬೆರಳಿಗೇ ಗೊತ್ತಾಗುತ್ತದೆ. ಕಣ್ಣು ಕಾಂಪೌಂಡಿನ ಮೇಲೆ ಇಡಬಹುದು. ಇಪ್ಪತ್ತು ಸಾಲಿಗೆ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಇಪ್ಪತ್ತು ಸಾಲು ಆದರೆ ಎದ್ದು ಒಂದು ಸುತ್ತು. ಮತ್ತೆ ಬಂದು ಇಪ್ಪತ್ತು ಸಾಲು. ನನಗೆ ಅದೇ ಗಡಿಯಾರವಾಯಿತು. ಬೆಳಗಾಗುವಾಗ ಮಫ್ಲರ್ ಒಂದು ಗೇಣು ಬೆಳೆದಿರುತ್ತಿತ್ತು.

ಸುತ್ತು ಹೊಡೆಯುವಾಗ ಟಾರ್ಚನ್ನು ಸೊಂಟದ ಹತ್ತಿರ ಹಿಡಿಯಬೇಡಿ. ಕಣ್ಣಿನ ಮಟ್ಟಕ್ಕೆ, ಕೆನ್ನೆಯ ಪಕ್ಕಕ್ಕೆ ಹಿಡಿಯಿರಿ. ಬೆಕ್ಕಿನ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಹೋಗುತ್ತದೆ. ಟಾರ್ಚ್ ನಮ್ಮ ಕಣ್ಣಿನ ಪಕ್ಕದಲ್ಲಿದ್ದರೆ ಮಾತ್ರ ಆ ಹಸಿರು ಹೊಳಪು ನಮಗೆ ಕಾಣುತ್ತದೆ. ನಿಂತ ಕಾರುಗಳ ಕೆಳಗೆ, ಮೆಟ್ಟಿಲ ಕೆಳಗಿನ ಗೂಡುಗಳಲ್ಲಿ, ಮೋರಿ ಚಪ್ಪಡಿಯ ಸಂದಿಯಲ್ಲಿ, ಸಂಪಿನ ಸುತ್ತ ನೋಡಿದೆ. ಎರಡು ಸಲ ಕಣ್ಣು ಹೊಳೆದವು. ಎರಡೂ ಬೇರೆ ಬೆಕ್ಕು.

ಮೊದಲ ರಾತ್ರಿ ಕೂತಾಗ ಸ್ಟೀಲ್ ಕಡ್ಡಿ ಇತ್ತು. ಆ ಮೌನದಲ್ಲಿ ಅದರ ಟಿಕ್ ಟಿಕ್ ಎಷ್ಟು ಜೋರು ಅನ್ನಿಸಿತು ಅಂದರೆ, ಮಾರನೇ ದಿನ ಬಿದಿರಿನ ಕಡ್ಡಿಗೆ ಬದಲಾಯಿಸಿದೆ. ನನಗೆ ಸಣ್ಣ ಮಿಯಾಂವ್ ಕೂಡ ಕೇಳಬೇಕಿತ್ತು. ಉಲ್ಲನ್ ಉಂಡೆಯನ್ನು ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ, ದಾರ ಮಾತ್ರ ಹೊರಗೆ. ಬೆಕ್ಕು ಇರುವ ಮನೆಯಲ್ಲಿ ಇದು ಯಾವಾಗಲೂ ಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿ ಇರುತ್ತವೆ. ದಾರ ಬಾಯಿಗೆ ಹೋದರೆ ಉಗುಳುವುದು ಕಷ್ಟ, ನುಂಗುತ್ತಲೇ ಹೋಗುತ್ತದೆ. ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ಐದನೇ ದಿನ ಬೆಳಿಗ್ಗೆ ಕಟ್ಟುತ್ತಿರುವ ಮನೆಯೊಂದರ ವಾಚ್‌ಮನ್ ಹೆಂಡತಿ ನನ್ನನ್ನು ಕರೆದಳು. ನಮ್ಮಿಂದ ನಾಲ್ಕನೇ ಸೈಟು. ಅವರು ಯಾದಗಿರಿ ಕಡೆಯವರು. "ಅಕ್ಕಾರ, ರಾತ್ರಿ ಹಲಗಿ ಕೆಳಗ ಏನೋ ಸಪ್ಪಳ ಆತ್ರಿ. ನಿಮ್ಮ ಬೆಕ್ಕ ಇರಬೇಕ ನೋಡ್ರಿ" ಅಂದಳು. ಸೆಂಟ್ರಿಂಗ್ ಹಲಗೆಗಳನ್ನು ಎದೆಯೆತ್ತರ ಪೇರಿಸಿದ್ದರು. ಹಲಗೆ ಎತ್ತಿ ನೋಡೋಣ ಅಂತ ಮಗ ಹೊರಟ. ನಾನು ಬೇಡ ಅಂದೆ. ಒಳಗಿದ್ದರೆ ಇನ್ನೊಂದು ಕಡೆಯಿಂದ ಹಾರಿ ರಸ್ತೆಗೆ ಹೋಗುತ್ತಾನೆ, ಆಮೇಲೆ ಎಲ್ಲಿ ಹುಡುಕುವುದು?

ಅವತ್ತು ರಾತ್ರಿ ಹತ್ತಕ್ಕೆ ಹಲಗೆ ರಾಶಿಯಿಂದ ಎರಡು ಮಾರು ದೂರದಲ್ಲಿ ಕೂತೆ. ಆಕೆ ಕೂರಲು ಸಿಮೆಂಟ್ ಚೀಲ ಮಡಚಿ ಕೊಟ್ಟಳು. ನಡುವೆ ಒಂದು ತಟ್ಟೆಯಲ್ಲಿ ಹುರಿದ ಒಣಮೀನು ಇಟ್ಟೆ. ಪಕ್ಕದಲ್ಲಿ ಅವನು ಮಲಗುವ ಹಳೆಯ ಸೀರೆಯ ತುಂಡು, ಮುಚ್ಚಳದ ಬುಟ್ಟಿ. ಅವತ್ತು ಸುತ್ತು ಇಲ್ಲ, ಕೂಗು ಇಲ್ಲ. ಬರೀ ಹೆಣಿಗೆ.

ಕೈಗೆ ಕೆಲಸ ಇಲ್ಲದಿದ್ದರೆ ನಾನು ಅಷ್ಟು ಹೊತ್ತು ಅಲ್ಲಾಡದೆ ಕೂರುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಗ್ಗಿ ನೋಡುತ್ತಿದ್ದೆ, ಟಾರ್ಚ್ ಬಿಡುತ್ತಿದ್ದೆ, ಹೆಸರು ಹಿಡಿದು ಕರೆಯುತ್ತಿದ್ದೆ. ಮನಸ್ಸನ್ನು ಬೇರೆ ಕಡೆ ತಿರುಗಿಸಲು ಹಿಡಿದ ಕೆಲಸ ನನ್ನನ್ನು ಒಂದೇ ಜಾಗದಲ್ಲಿ ಕಟ್ಟಿಹಾಕಿತು. ಅವನಿಗೆ ಬೇಕಾಗಿದ್ದೂ ಅದೇ ಅಲ್ವಾ? ಹತ್ತಿರ ಬರದ, ಸದ್ದು ಮಾಡದ, ಪರಿಚಯದ ವಾಸನೆ ಇರುವ ಒಬ್ಬ ಮನುಷ್ಯಳು.

ಮೂರೂವರೆ ಹೊತ್ತಿಗೆ ಹಲಗೆ ಸಂದಿಯಲ್ಲಿ ಮೂತಿ ಕಂಡಿತು. ಕೈ ನಡುಗುತ್ತಿತ್ತು, ಆದರೂ ಹೆಣಿಗೆ ನಿಲ್ಲಿಸಲಿಲ್ಲ. ಅವನ ಕಡೆ ನೇರ ನೋಡಲೂ ಇಲ್ಲ. ತಟ್ಟೆಯ ತನಕ ಬಂದ, ತಿಂದ, ಒಳಗೆ ಓಡಿದ. ಎರಡು ಸಾಲು ಆಯಿತು. ಮತ್ತೆ ಬಂದ. ಮೂರನೇ ಸಲ ತಟ್ಟೆ ದಾಟಿ ನನ್ನ ಪಾದ ಮೂಸಿದ. ಆಗ ಬಾಯಿ ಬಿಟ್ಟು ಒಂದೇ ಸಲ ಕೂಗಿದ. ಮೆಲ್ಲಗೆ ಸೀರೆ ತುಂಡಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಮುಚ್ಚಳ ಬಿಗಿದ ಮೇಲೆ ನಾನು ಅತ್ತೆ.

ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆವು. ನೀರು ಕಡಿಮೆಯಾಗಿದೆ ಅಂತ ಚರ್ಮದ ಕೆಳಗೆ ಡ್ರಿಪ್ ಕೊಟ್ಟರು. ಬೆಕ್ಕು ಹಲವು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪಗಿರುವ ಬೆಕ್ಕಾದರೆ, ಲಿವರಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಂತೆ. ಸಿಕ್ಕಿದ ಖುಷಿಯಲ್ಲಿ ಒಟ್ಟಿಗೇ ಜಾಸ್ತಿ ತಿನ್ನಿಸಬೇಡಿ ಅಂದರು. ಎರಡು ದಿನ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರೇಳು ಸಲ ಕೊಟ್ಟೆ.

ಅಡುಗೆಮನೆ ಕಿಟಕಿಗೆ ಈಗ ಕಬ್ಬಿಣದ ಜಾಲರಿ ಬಂದಿದೆ. ಮಫ್ಲರ್ ನಾಲ್ಕು ಗೇಣಿಗೆ ನಿಂತಿತು. ವಾಚ್‌ಮನ್ ಮಗಳು ಬೆಳಿಗ್ಗೆ ಏಳಕ್ಕೆ ಶಾಲೆಗೆ ಹೊರಡುತ್ತಾಳೆ, ಅವಳಿಗೆ ಅಷ್ಟು ಉದ್ದ ಸಾಕಾಯಿತು. ನಾನು ಸ್ವೆಟರಿನ ತೋಳನ್ನು ಮತ್ತೆ ಶುರು ಮಾಡಿದ್ದೇನೆ, ಈ ಸಲ ಲೆಕ್ಕ ಸರಿಯಾಗಿ ಬರುತ್ತಿದೆ.