ಹತ್ತು ಜನರೆದುರು ಸೋತ ಮೇಲೆ ಮುಂದುವರಿಯುವ ಬಗೆ

ಪರೀಕ್ಷೆಯಾಗಲಿ, ಚುನಾವಣೆಯಾಗಲಿ, ವೇದಿಕೆಯಾಗಲಿ, ಹತ್ತು ಜನರೆದುರು ಸೋತವರಿಗೆ ಎರಡು ಪೆಟ್ಟು ಬೀಳುತ್ತದೆ: ಒಂದು ಕೆಲಸ ಕೆಟ್ಟಿದ್ದರಿಂದ, ಇನ್ನೊಂದು ಅದನ್ನು ಇತರರು ಕಂಡಿದ್ದರಿಂದ. ಈ ಎರಡನ್ನೂ ಬೇರ್ಪಡಿಸದೆ ಹೊರಟವರು ತಪ್ಪನ್ನು ತಿದ್ದಿಕೊಳ್ಳುವ ಬದಲು ಜನರ ಬಾಯಿ ಮುಚ್ಚಿಸುವುದಕ್ಕೇ ಶಕ್ತಿಯನ್ನೆಲ್ಲ ಸುರಿಯುತ್ತಾರೆ. ಅಂಥ ಛಲ ಹೆಚ್ಚು ದಿನ ಬಾಳುವುದಿಲ್ಲ.

ಮೊದಲ ಕೆಲವು ದಿನ ಯಾವ ನಿರ್ಧಾರವನ್ನೂ ಮಾಡಬೇಡಿ. ಅವಮಾನ ಇನ್ನೂ ಹಸಿಯಾಗಿರುವಾಗ ‘ಇನ್ನು ಈ ಕಡೆಗೇ ಬರುವುದಿಲ್ಲ’ ಎಂಬ ಮಾತೂ ‘ಮುಂದಿನ ಸಲ ಗೆದ್ದು ತೋರಿಸುತ್ತೇನೆ’ ಎಂಬ ಶಪಥವೂ ಒಂದೇ ನೋವಿನಿಂದ ಹುಟ್ಟುತ್ತವೆ. ನಿದ್ದೆ, ಊಟ, ನಂಬಿದ ಒಬ್ಬರೊಡನೆ ಮನಬಿಚ್ಚಿದ ಮಾತು ಸದ್ಯಕ್ಕೆ ಸಾಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಇಲ್ಲವೇ ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ.

ಎಲ್ಲರೂ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎನಿಸುವುದು ಸಹಜ, ಆದರೆ ಆ ಎಣಿಕೆ ಸಾಮಾನ್ಯವಾಗಿ ಅತಿಯಾದದ್ದು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಕೋಣೆಯೊಳಗೆ ಹೋದ ವಿದ್ಯಾರ್ಥಿಗಳು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿದ್ದಾರೆಂದು ಊಹಿಸಿದರು. ನಿಜಕ್ಕೂ ಗಮನಿಸಿದವರು ಕಾಲುಭಾಗದಷ್ಟು. ನಿಮ್ಮ ಸೋಲು ಸುದ್ದಿಯೇ ಆಗಿದ್ದರೆ ನೋಡಿದವರು ಹೆಚ್ಚಿರುತ್ತಾರೆ, ನಿಜ. ಆದರೂ ಎಲ್ಲರ ಮಾತಿಗೂ ಒಂದೇ ತೂಕ ಕೊಡಬೇಕಿಲ್ಲ. ಆ ಕೆಲಸವನ್ನು ಬಲ್ಲ, ನಿಮ್ಮ ಒಳಿತು ಬಯಸುವ ಮೂರು ನಾಲ್ಕು ಜನರನ್ನು ಆರಿಸಿಕೊಂಡು ನೀವಾಗಿಯೇ ಹೋಗಿ ಕೇಳಿ.

ನಂತರ ಸೋಲನ್ನು ಬಿಡಿಸಿ ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಸಮಯ ಸಲ್ಲಬೇಕಾದದ್ದು ಇದಕ್ಕೇ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟುವ ಮೊದಲೇ ಸಂಪರ್ಕ ಕಳೆದುಕೊಂಡದ್ದನ್ನು ದೇಶವೇ ನೇರಪ್ರಸಾರದಲ್ಲಿ ನೋಡಿತು. ಇಸ್ರೋ ವಿಜ್ಞಾನಿಗಳು ಎಲ್ಲೆಲ್ಲಿ ಎಡವಬಹುದೆಂಬುದನ್ನೇ ಮುಂದಿಟ್ಟುಕೊಂಡು ಹೊಸ ಲ್ಯಾಂಡರಿನ ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯಬಹುದಾದ ಜಾಗವನ್ನು ಬಹಳಷ್ಟು ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು. ಅವರ ಛಲವೆಲ್ಲ ಆ ತಿದ್ದುಪಡಿಗಳ ಪಟ್ಟಿಯಲ್ಲಿತ್ತು. ನೀವೂ ಅಂಥದ್ದೊಂದು ಪಟ್ಟಿ ಬರೆಯಿರಿ. ‘ನನ್ನಿಂದ ಏನೂ ಆಗದು’ ಎಂಬ ವಾಕ್ಯ ಅದರಲ್ಲಿ ನುಸುಳಿದರೆ ಹೊಡೆದುಹಾಕಿ, ಏಕೆಂದರೆ ತಿದ್ದಲು ಅದರಲ್ಲೇನೂ ಸಿಗುವುದಿಲ್ಲ. ‘ಕೊನೆಯ ಭಾಗವನ್ನು ಅಭ್ಯಾಸ ಮಾಡಿರಲಿಲ್ಲ’ ಎಂದು ಬರೆದರೆ ನಾಳೆ ಮಾಡಬೇಕಾದ ಕೆಲಸ ಕಾಣುತ್ತದೆ.

ಧೈರ್ಯ ಬಂದ ಮೇಲೆ ಶುರುಮಾಡೋಣವೆಂದು ಕಾಯಬೇಡಿ; ನನ್ನ ದೃಷ್ಟಿಯಲ್ಲಿ ಧೈರ್ಯ ಬರುವುದು ಕೆಲಸ ಶುರುವಾದ ಮೇಲೆಯೇ. ಪಟ್ಟಿಯಲ್ಲಿ ಅತಿ ಚಿಕ್ಕದೆನಿಸಿದ್ದನ್ನು ದಿನವೂ ಒಂದೇ ಹೊತ್ತಿಗೆ, ಯಾರೂ ನೋಡದ ಕಡೆ ಮಾಡಿ. ಕೈ ಕುದುರಿದ ಮೇಲೆ ಕೆಲವೇ ಆಪ್ತರೆದುರು, ಆಮೇಲೆ ದೊಡ್ಡ ಗುಂಪಿನೆದುರು. ಕೇಳುವವರಿಗೆ ‘ಹೌದು, ಆ ಸಲ ಆಗಲಿಲ್ಲ, ಕಾರಣ ತಿಳಿದಿದೆ, ತಿದ್ದಿಕೊಳ್ಳುತ್ತಿದ್ದೇನೆ’ ಎಂಬಷ್ಟೇ ಉತ್ತರ ಸಾಕು. ನಿಮ್ಮ ಸೋಲಿನಿಂದ ಬೇರೆಯವರಿಗೆ ನಷ್ಟವಾಗಿದ್ದರೆ ಮಾತ್ರ ಇದಕ್ಕೂ ಮೊದಲು ಕ್ಷಮೆ ಕೇಳಿ, ನಷ್ಟವನ್ನು ತುಂಬಿಕೊಡುವ ದಾರಿ ಹುಡುಕಬೇಕು.

ಅದೇ ಗುರಿಯನ್ನು ಹಿಡಿದಿರಬೇಕೇ ಎಂಬ ಅನುಮಾನ ಕಾಡಿದಾಗ, ಈ ಸೋಲನ್ನು ಯಾರೂ ನೋಡಿಯೇ ಇರದಿದ್ದರೆ ಈ ಕೆಲಸವನ್ನು ಮತ್ತೆ ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲವೆಂಬ ಉತ್ತರ ಬಂದರೆ ನಾಚಿಕೆಯಿಲ್ಲದೆ ದಾರಿ ಬದಲಿಸಿ; ಹೌದೆಂದಾದರೆ ಮುಂದಿನ ಪ್ರಯತ್ನದ ದಿನವನ್ನು ಇಂದೇ ಗೊತ್ತುಮಾಡಿ.