ಹಿಂದಿನ ಸಾಲಿಗೆ ‘ನೂರು’, ‘ಮೂರು’ ಬೇರೆ ಬೇರೆ ಕೇಳಬೇಕು

“ಅರ್ಧ ಕೆಜಿ ಅಂದ್ರಾ, ಒಂದು ಕೆಜಿ ಅಂದ್ರಾ ಸಾರ್?”

ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಆಲ್ದೂರು ಕಡೆಯ ಬೆಳೆಗಾರರೊಬ್ಬರು ನನ್ನನ್ನು ಕೇಳಿದರು. ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ಕಾಫಿ ಗಿಡಕ್ಕೆ ಬೋರ್ಡೋ ಎಂಬ ರೋಗ ತಡೆಯುವ ದ್ರಾವಣ ಹೊಡೆಯುವುದರ ಬಗ್ಗೆ ಅವತ್ತಿನ ಉಪನ್ಯಾಸ. ಎಲೆ ತುಕ್ಕಿಗಾದರೆ ಶೇಕಡಾ ಅರ್ಧದ ದ್ರಾವಣ, ಕೊಳೆರೋಗಕ್ಕಾದರೆ ಶೇಕಡಾ ಒಂದು. ಅಂದರೆ 100 ಲೀಟರ್ ನೀರಿಗೆ ಮೊದಲನೆಯದರಲ್ಲಿ ಅರ್ಧ ಕೆಜಿ ಮೈಲುತುತ್ತ, ಅರ್ಧ ಕೆಜಿ ಸುಣ್ಣ. ಎರಡನೆಯದರಲ್ಲಿ ಒಂದೊಂದು ಕೆಜಿ. ಕೊನೆಯ ಸಾಲಿನಲ್ಲಿದ್ದ ಅವರಿಗೆ ‘ಕೆಜಿ’ ಅನ್ನುವುದು ಮಾತ್ರ ಕೇಳಿಸಿತ್ತು. ನಾನೂ ಬಾಗಿಲ ಹತ್ತಿರವೇ ನಿಂತಿದ್ದೆ. ನನಗೂ ಕೇಳಿಸಿರಲಿಲ್ಲ.

ಅವರನ್ನು ಭಾಷಣಕಾರರ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿಕೊಟ್ಟೆ. ಆದರೆ ಕೇಳದೆ, ಅರ್ಧಂಬರ್ಧ ತಿಳಿದುಕೊಂಡು ತೋಟಕ್ಕೆ ಹೋದವರು ಎಷ್ಟು ಜನರೋ ಅನ್ನುವ ಯೋಚನೆ ಬಿಡಲಿಲ್ಲ. ಬ್ಯಾನರ್ ಚೆನ್ನಾಗಿತ್ತು, ಹೂವು ಚೆನ್ನಾಗಿತ್ತು, ಕುರ್ಚಿಗಳು ಸಾಲಾಗಿದ್ದವು. ಜನ ಬಂದಿದ್ದ ಕೆಲಸ ಮಾತ್ರ ಆಗಿರಲಿಲ್ಲ.

ಅಲ್ಲಿಂದ ಈಚೆಗೆ ನಮ್ಮ ಬಳಗದ ತಿಂಗಳ ಉಪನ್ಯಾಸಕ್ಕೆ ಕೋಣೆ, ವೇದಿಕೆ, ಮೈಕ್ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಿನ ಸಮುದಾಯ ಭವನವೂ ಹೆಚ್ಚುಕಡಿಮೆ ನಮ್ಮದರ ಹಾಗೇ ಇರುತ್ತದೆ, ಅಲ್ವಾ?

ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರದಂಥ ದೊಡ್ಡ ಜಾಗ ಇದೆ. 80–100 ಜನ ಸೇರುವ ನಮಗೆ ಅಷ್ಟು ಬೇಕಿಲ್ಲ. ನಮಗೆ ಸಿಗುವುದು 60 ಅಡಿ ಉದ್ದ, 30 ಅಡಿ ಅಗಲದ ಒಂದು ಹಾಲ್. ಮೇಲೆ ಶೀಟ್, ಕೆಳಗೆ ಟೈಲ್ಸ್, ಸುತ್ತ ಗಾರೆ ಗೋಡೆ. ಬಾಗಿಲು ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ವೇದಿಕೆ ಹಾಕುವುದು ಮೊದಲಿನಿಂದ ಬಂದ ರೂಢಿ. ಹಾಗೆ ಹಾಕಿದರೆ ಕೊನೆಯ ಸಾಲು ಭಾಷಣಕಾರರಿಂದ ಸುಮಾರು 50 ಅಡಿ ದೂರ ಹೋಗುತ್ತದೆ.

ನಾನು ಮೊದಲು ಮಾಡಿದ್ದು ಸೌಂಡ್ ಜಾಸ್ತಿ ಮಾಡಿಸಿದ್ದು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಹಿಂದಿನವರಿಗೆ ಗದ್ದಲ ಹೆಚ್ಚಾಯಿತು ಅಷ್ಟೇ. ಆಮೇಲೆ ಮೈಕ್‌ನವರಿಗೆ ಹೇಳಿ ಹಿಂದುಗಡೆ ಇನ್ನೊಂದು ಜೊತೆ ಸ್ಪೀಕರ್ ಬಾಕ್ಸ್ ಇಡಿಸಿದೆ. ಅದರಿಂದ ಮಾತು ಎರಡೆರಡು ಸಲ ಕೇಳಿದಂತಾಯಿತು. ಕಾರಣ ಸರಳ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತಿರದ ಬಾಕ್ಸ್‌ನ ಮಾತು ಕಿವಿಗೆ ಮೊದಲು ಬರುತ್ತದೆ. 45 ಅಡಿ ದೂರದ ಬಾಕ್ಸ್‌ನ ಅದೇ ಮಾತು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಅಷ್ಟು ಸಾಕು, ಮಾತಿನ ಅಂಚು ಮಸುಕಾಗುತ್ತದೆ. ಒಳ್ಳೆಯ ಸೌಂಡ್ ಮಿಕ್ಸರ್ ಇದ್ದರೆ ಹಿಂದಿನ ಬಾಕ್ಸ್ ಅನ್ನು ಅಷ್ಟೇ ತಡ ಮಾಡಿ ಹೊಂದಿಸಬಹುದು. ನಮಗೆ ಬಾಡಿಗೆಗೆ ಸಿಗುವ ಸೆಟ್‌ನಲ್ಲಿ ಆ ಸೌಲಭ್ಯ ಇಲ್ಲ.

ಒಂದು ಮಧ್ಯಾಹ್ನ ಖಾಲಿ ಹಾಲ್‌ನ ಕೊನೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾಗ ಹೊಳೆಯಿತು. ವೇದಿಕೆಯನ್ನು ತುದಿಯಲ್ಲಿ ಯಾಕೆ ಹಾಕಬೇಕು? ಉದ್ದನೆಯ ಗೋಡೆಯ ಮಧ್ಯಕ್ಕೆ ಹಾಕಿದರೆ?

ಹಾಕಿದೆವು. ವೇದಿಕೆಗೆ 8 ಅಡಿ ಹೋಯಿತು. ಅದರ ಮುಂದೆ 4 ಅಡಿ ಜಾಗ. ಆಮೇಲೆ ಇಪ್ಪತ್ತು ಕುರ್ಚಿಯ ಐದು ಸಾಲು, ಸಾಲಿಗೆ 3 ಅಡಿ. ಹಿಂದೆ ಓಡಾಡಲು 3 ಅಡಿ ಉಳಿಯಿತು. ಸಾಲಿನ ಎರಡು ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಎಲ್ಲರ ಮುಖವೂ ಭಾಷಣಕಾರರ ಕಡೆ ತಿರುಗುವ ಹಾಗೆ ಮಾಡಿದೆವು. ನೂರು ಜನ ಕೂತರೂ ಕೊನೆಯ ಸಾಲು ಈಗ 24 ಅಡಿಯೊಳಗೆ. ಮೂಲೆಯವರೂ 30 ಅಡಿ ದಾಟುವುದಿಲ್ಲ. ಬಾಗಿಲು ಪಕ್ಕಕ್ಕೆ ಬಂತು. ಹಾಗಾಗಿ ತಡವಾಗಿ ಬಂದವರೂ, ಮೂಡಿಗೆರೆ ಕಡೆಯ ಬಸ್ಸಿಗೆ ಬೇಗ ಏಳುವವರೂ ಯಾರ ಮುಂದೆಯೂ ಹಾಯಬೇಕಾಗಿಲ್ಲ. ಹಿರಿಯರೊಬ್ಬರು “ಇದೇನಪ್ಪ, ಹಾಲ್ ಅಡ್ಡಡ್ಡ ಮಲಗಿಸಿದ್ದೀಯಾ” ಅಂದರು. ಮುಗಿದ ಮೇಲೆ ಅವರೇ ಬಂದು “ಮುಂದಿನ ಸಲವೂ ಹೀಗೇ ಇರಲಿ” ಅಂದರು. ಇಷ್ಟು ವರ್ಷದಲ್ಲಿ ನಾನು ಮಾಡಿದ ಬದಲಾವಣೆಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಇನ್ನೊಂದು ತೊಂದರೆ ಹುಟ್ಟಿಕೊಂಡಿತು. ಕಿಟಕಿಗಳು ಇರುವುದು ಉದ್ದನೆಯ ಗೋಡೆಯಲ್ಲೇ. ಸಂಜೆ ಐದಕ್ಕೆ ಕಾರ್ಯಕ್ರಮ ಶುರು. ಭಾಷಣಕಾರರ ಬೆನ್ನ ಹಿಂದೆ ಬೆಳಕು, ಮುಖ ಕಪ್ಪು. ಕಿವಿ ಮಂದ ಇರುವ ಹಿರಿಯರು ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಾರೆ. ಮುಖ ಕಾಣದಿದ್ದರೆ ಅವರಿಗೆ ಮಾತೂ ಕೇಳುವುದಿಲ್ಲ. ಗೋಡೆ ಪೂರ್ತಿ ಮುಚ್ಚುವ ಹಾಗೆ ದಪ್ಪ ನೀಲಿ ಪರದೆ ಕಟ್ಟಿದೆವು. ಮುಂದಿನಿಂದ, ತಲೆಗಿಂತ ಎತ್ತರದಲ್ಲಿ, ಓರೆಯಾಗಿ ಎರಡು ಎಲ್‌ಇಡಿ ದೀಪ ಹಾಕಿದೆವು. ನೇರ ಕಣ್ಣಿಗೆ ಬಿದ್ದರೆ ಭಾಷಣಕಾರರಿಗೆ ಜನ ಕಾಣುವುದಿಲ್ಲ, ಅದಕ್ಕೇ ಓರೆ.

ಆ ಪರದೆಯಿಂದ ಇನ್ನೊಂದು ಲಾಭ ಆಯಿತು. ಟೈಲ್ಸ್, ಗಾರೆ, ಶೀಟ್ ಮೂರೂ ಶಬ್ದವನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತವೆ. ಖಾಲಿ ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ, ಅದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ನಾವು ಎದುರು ಗೋಡೆಗೂ ಜಮಖಾನ ಇಳಿಬಿಡುತ್ತೇವೆ. ಬಟ್ಟೆ ಗೋಡೆಗೆ ಅಂಟಿಕೊಂಡಿರದೆ ಒಂದು ಗೇಣು ಮುಂದಕ್ಕಿದ್ದು, ನೆರಿಗೆ ಇದ್ದರೆ ಇನ್ನೂ ಒಳ್ಳೆಯದು. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಯೂ ಶಬ್ದ ನುಂಗುತ್ತವೆ. ಹಾಗಾಗಿ ಖಾಲಿ ಇದ್ದಾಗ ಕೇಳುವ ಗುಂಯ್ ಅನ್ನುವ ಶಬ್ದಕ್ಕೆ ಪೂರ್ತಿ ಹೆದರಬೇಕಿಲ್ಲ.

ಈಗ ಮೈಕ್. ಬಾಡಿಗೆಗೆ ಬರುವ ಸೆಟ್ ಹೆಚ್ಚಾಗಿ ಮದುವೆ, ಆರ್ಕೆಸ್ಟ್ರಾಗಳಿಗೆ ಹೊಂದಿಸಿದ್ದಿರುತ್ತದೆ. ಎಕೋ ತಿರುಗಿಸಿಟ್ಟಿರುತ್ತಾರೆ, ಬೇಸ್ (ತಗ್ಗು ದನಿ) ಏರಿಸಿರುತ್ತಾರೆ. ಹಾಡಿಗೆ ಅದು ಸೊಗಸು. ಮಾತಿಗೆ ವಿಷ. ನಾನು ಮೊದಲು ಎಕೋ ಸೊನ್ನೆಗೆ ತರಿಸುತ್ತೇನೆ. ಆಮೇಲೆ ಬೇಸ್ ಇಳಿಸುತ್ತೇನೆ. 100 ಹರ್ಟ್ಸ್‌ನಿಂದ ಕೆಳಗಿನದನ್ನು ತಡೆಯುವ ಗುಂಡಿ ಇದ್ದರೆ ಒತ್ತಿಸುತ್ತೇನೆ. ಮಾತಿನ ದನಿಗೆ ಬಲ ಕೊಡುವುದು ಸ್ವರಗಳು. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಸ, ತ, ಕ, ಪ ಇಂಥ ವ್ಯಂಜನಗಳು. ಅವು ಸಣ್ಣ ಶಬ್ದಗಳು, ಬೇಸ್ ಏರಿದರೆ ಅದರ ಕೆಳಗೆ ಮುಚ್ಚಿಹೋಗುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಸಣ್ಣ ಶಬ್ದಗಳನ್ನೇ. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಜನ ಅರವತ್ತು ದಾಟಿದವರು. ಅವರಿಗಾಗಿಯೇ ಇದನ್ನೆಲ್ಲ ಮಾಡಬೇಕು.

ಬಾಕ್ಸ್‌ಗಳು ಯಾವಾಗಲೂ ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು. ಮೈಕ್ ಹಿಂದೆ ಇಟ್ಟರೆ ಅದೇ ಶಬ್ದ ಮತ್ತೆ ಮೈಕ್ ಒಳಗೆ ಹೋಗಿ ಕೀಂ ಅಂತ ಕೂಗುತ್ತದೆ. ಸ್ಟ್ಯಾಂಡ್ ಮೇಲೆ 6–7 ಅಡಿ ಎತ್ತರಕ್ಕಿಟ್ಟು, ಹಿಂದಿನ ಸಾಲಿನ ತಲೆಗಳ ಕಡೆ ಸ್ವಲ್ಪ ಬಗ್ಗಿಸುತ್ತೇವೆ. ನೆಲದ ಮೇಲಿಟ್ಟರೆ ಮೊದಲ ಸಾಲಿನ ಮೊಣಕಾಲುಗಳೇ ಶಬ್ದವನ್ನೆಲ್ಲ ತಿನ್ನುತ್ತವೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ಮಟ್ಟಕ್ಕೆ. ದೂರ ಎರಡರಷ್ಟಾದರೆ ಮೈಕ್‌ಗೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಆ ಕೊರತೆ ತುಂಬಲು ಸೌಂಡ್ ಏರಿಸಿದರೆ ಮತ್ತೆ ಕೂಗು ಶುರು. ಕೆಲವರು ಮೈಕ್‌ನ ಜಾಲರಿ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಅದರಿಂದಲೂ ಕೂಗುತ್ತದೆ. ಇದನ್ನೆಲ್ಲ ವೇದಿಕೆ ಮೇಲೆ ಎಲ್ಲರ ಎದುರು ಹೇಳಬಾರದು. ಅತಿಥಿಗಳು ಬಂದು ಕಾಫಿ ಕುಡಿಯುವಾಗ “ಸಾರ್, ಒಂದೆರಡು ನಿಮಿಷ ಬಂದು ನಿಂತು ನೋಡ್ತೀರಾ” ಅಂತ ಕರೆದುಕೊಂಡು ಹೋಗುತ್ತೇನೆ. ಬೇಸರ ಪಟ್ಟುಕೊಂಡವರು ಒಬ್ಬರೂ ಇಲ್ಲ. ಹಲವರು ಖುಷಿಪಟ್ಟಿದ್ದಾರೆ.

‘ಹಲೋ ಹಲೋ, ಒಂದು ಎರಡು ಮೂರು’ ಅಂತ ಪರೀಕ್ಷೆ ಮಾಡುವುದನ್ನು ನಾನು ಬಿಟ್ಟುಬಿಟ್ಟೆ. ಮುಂದೇನು ಬರುತ್ತದೆ ಅಂತ ಕಿವಿಗೆ ಮೊದಲೇ ಗೊತ್ತಿರುವುದರಿಂದ ಕೇಳದಿದ್ದರೂ ಕೇಳಿದ ಹಾಗೆ ಆಗುತ್ತದೆ. ಬಳಗದ ಹುಡುಗನ ಕೈಯಲ್ಲಿ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಹಿಂದುಮುಂದಾಗಿ ಪದಗಳು: ನೂರು, ಆರು, ಮೂರು, ಹದಿಮೂರು, ಬೇರು, ಕೇರು, ಕಾಲು, ಹಾಲು, ಸಾಲು, ಹೀಗೆ ಒಟ್ಟು ಇಪ್ಪತ್ತು. ಅವನು ಮಾಮೂಲಿ ದನಿಯಲ್ಲಿ ಓದುತ್ತಾನೆ. ನಾನು ಕೊನೆಯ ಸಾಲಿನ ಮೂಲೆಯಲ್ಲಿ ಕೂತು, ಅವನ ಕಡೆ ನೋಡದೆ, ಕೇಳಿದ್ದನ್ನು ಬರೆಯುತ್ತೇನೆ. ಇಪ್ಪತ್ತರಲ್ಲಿ ಎರಡು ತಪ್ಪಿದರೂ ಬಾಕ್ಸ್ ತಿರುಗಿಸಿ, ಬೇಸ್ ಇಳಿಸಿ, ಮತ್ತೆ ಓದಿಸುತ್ತೇನೆ. ಫ್ಯಾನ್ ಹಾಕಿಯೇ ಈ ಪರೀಕ್ಷೆ ಮಾಡಬೇಕು. ಫ್ಯಾನ್ ಸದ್ದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ವೇದಿಕೆಯ ವಿಷಯ ಹೆಚ್ಚು ಹೇಳುವುದಿಲ್ಲ. ಶಾಮಿಯಾನದವರು ಕೊಡುವ 8 ಅಡಿ 4 ಅಡಿ ಹಲಗೆ ಮೂರು ಸಾಕು. ನೂರು ಜನಕ್ಕೆ ಒಂದೂವರೆ ಅಡಿ ಎತ್ತರ ಸಾಕು. ಅದಕ್ಕಿಂತ ಎತ್ತರವಾದರೆ ಮುಂದಿನವರ ಕತ್ತು ನೋಯುತ್ತದೆ. ಎಲ್ಲ ಕಡೆ ನಡೆದು ನೋಡಿ. ಕಿರ್ ಅನ್ನುವ ಜಾಗಕ್ಕೆ ಕೆಳಗಿಂದ ಚೂರು ಮರ ಕೊಡಿ. ಜಮಖಾನದ ಅಂಚನ್ನು ಟೇಪ್ ಹಾಕಿ ಅಂಟಿಸಿ. ಹತ್ತುವ ಕಡೆ ಒಂದು ಮೆಟ್ಟಿಲು, ಪಕ್ಕದಲ್ಲಿ ಕೈ ಹಿಡಿಯಲು ಒಬ್ಬರು. ಪೋಡಿಯಂ ಎತ್ತರ ನೋಡಿಕೊಳ್ಳಿ. ಒಮ್ಮೆ ಕುಳ್ಳಗಿರುವ ಮೇಡಂ ಒಬ್ಬರು ಒಂದು ಗಂಟೆ ತುದಿಗಾಲಲ್ಲಿ ನಿಂತು ಮಾತಾಡಿದರು. ಆಮೇಲಿಂದ ಪೋಡಿಯಂ ಹಿಂದೆ ಇಡಲು ಅರ್ಧ ಅಡಿಯ ಗಟ್ಟಿ ಮಣೆಯೊಂದನ್ನು ಮಾಡಿಸಿಟ್ಟಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಸ್ವಾಗತ, ದೀಪ, ಸನ್ಮಾನ ಮುಗಿದ ಮೇಲೆ ವೇದಿಕೆಯ ಗಣ್ಯರೆಲ್ಲ ಕೆಳಗೆ ಬಂದು ಕೂರಬೇಕು. ಭಾಷಣಕಾರರ ಹಿಂದೆ ಐದು ಜನ ಕೂತು ಮೊಬೈಲ್ ನೋಡಿದರೆ ಸಭೆಯ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊದಮೊದಲು ಕೆಲವರಿಗೆ ನೋವಾಯಿತು. ಈಗ ಮೊದಲ ಸಾಲಿನ ಮಧ್ಯದ ಕುರ್ಚಿಗಳನ್ನು ಅವರ ಹೆಸರು ಬರೆದು ಇಟ್ಟಿರುತ್ತೇವೆ. ನಿರೂಪಕರು ಗೌರವದಿಂದ ಕರೆಯುತ್ತಾರೆ. ಸಮಸ್ಯೆ ಇಲ್ಲ.

ದೀಪ ಬೆಳಗುವ ಕಂಬ ಪರದೆಯಿಂದ, ವೈರ್‌ನಿಂದ ದೂರ, ವೇದಿಕೆಯ ಪಕ್ಕದಲ್ಲಿ. ಕೆಳಗೆ ಒಂದು ತಟ್ಟೆ. ಹಚ್ಚುವಾಗ ಹತ್ತಿರದ ಫ್ಯಾನ್ ಆಫ್.

ಕಾಂಡಕೊರಕದ ಬಗ್ಗೆ ಮಾತಾಡಲು ಬಂದವರು ತೊಗಟೆಯ ಚಿತ್ರಗಳನ್ನು ತಂದಿದ್ದಾಗ ಪ್ರೊಜೆಕ್ಟರ್ ಪಾಠವೂ ಆಯಿತು. ಕೊನೆಯ ಸಾಲಿನ ದೂರವನ್ನು ಆರರಿಂದ ಭಾಗಿಸಿ, ಚಿತ್ರ ಬೀಳುವ ಪರದೆ ಕನಿಷ್ಠ ಅಷ್ಟು ಎತ್ತರ ಇರಲಿ. ನಮ್ಮ 24 ಅಡಿಗೆ 4 ಅಡಿ. ಅದರ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ. ಇಲ್ಲವಾದರೆ ಹಿಂದಿನವರಿಗೆ ಮುಂದಿನವರ ತಲೆ ಮಾತ್ರ ಕಾಣುತ್ತದೆ.

ಕರೆಂಟ್ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಗುಡುಗಿದರೆ ಹೋಯಿತು ಅಂತಲೇ ಲೆಕ್ಕ. ನಾವು ಒಂದು ಇನ್ವರ್ಟರ್‌ಗೆ ಮೈಕ್ ಸೆಟ್ ಮತ್ತು ವೇದಿಕೆಯ ಎರಡು ದೀಪ ಮಾತ್ರ ಕೊಡುತ್ತೇವೆ, ಫ್ಯಾನ್ ಕೊಡುವುದಿಲ್ಲ. ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ. ಜನರೇಟರ್‌ಗಿಂತ ಇದು ನನಗಿಷ್ಟ, ಸದ್ದಿಲ್ಲ. ಮಳೆ ದಿನ ಬಾಗಿಲ ಹೊರಗೆ ಎರಡು ಬಕೆಟ್ ಇಡುತ್ತೇವೆ, ಕೊಡೆಗಳಿಗೆ. ಕೊಡೆಯ ನೀರು ಒಳಗೆ ಹರಿದು ಎಕ್ಸ್‌ಟೆನ್ಷನ್ ಬಾಕ್ಸ್ ಹತ್ತಿರ ಬಂದದ್ದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಈಗ ವೈರ್‌ಗಳೆಲ್ಲ ಗೋಡೆ ಬದಿಯಲ್ಲೇ. ಎಕ್ಸ್‌ಟೆನ್ಷನ್ ಬಾಕ್ಸ್‌ಗಳು ನೆಲದಿಂದ ಮೇಲೆ, ಸ್ಟೂಲ್ ಮೇಲೆ.

ಶೀಟಿನ ಮೇಲೆ ಬೀಳುವ ಮಳೆಗೆ ಮಾತ್ರ ಯಾವ ಸೆಟ್ಟೂ ಉತ್ತರ ಅಲ್ಲ. ಸೌಂಡ್ ಏರಿಸಿದಷ್ಟೂ ಎರಡೂ ಸೇರಿ ಗದ್ದಲವಾಗುತ್ತದೆ. ಮಾತು ನಿಲ್ಲಿಸಬೇಕು. ಭಾಷಣಕಾರರಿಗೆ ಮೊದಲೇ ಹೇಳಿರುತ್ತೇನೆ: “ಜೋರು ಮಳೆ ಬಂದರೆ ನಾನು ಕೈ ಎತ್ತುತ್ತೇನೆ, ಆಗ ಕಾಫಿ ಕೊಡ್ತೀವಿ.” ಕಳೆದ ಮೇ ತಿಂಗಳಲ್ಲಿ ಬೋರ್ಡೋ ಉಪನ್ಯಾಸ ಮತ್ತೆ ಇಟ್ಟುಕೊಂಡಿದ್ದೆವು. ಸರಿಯಾಗಿ ಅಳತೆ ಹೇಳುವ ಹೊತ್ತಿಗೆ ಮಳೆ ಸುರಿಯಿತು. ಕೈ ಎತ್ತಿದೆ. ಹದಿನೈದು ನಿಮಿಷ ಎಲ್ಲರೂ ಜಗಲಿಯಲ್ಲಿ ಕಾಫಿ ಕುಡಿದರು. ಲೋಟದ ಸದ್ದು ಒಳಗೆ ಬರಬಾರದು ಅಂತ ಕಾಫಿಯನ್ನು ಯಾವಾಗಲೂ ಹೊರಗೇ ಇಡುತ್ತೇವೆ. ಮಳೆ ಕಡಿಮೆಯಾದ ಮೇಲೆ ಅವರು ಅಳತೆಯನ್ನು ಮೊದಲಿನಿಂದ ಹೇಳಿದರು. ಹಿಂದಿನ ಸಾಲಿನಲ್ಲಿ ಪೆನ್ನು ಹಿಡಿದವರೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಮುಗಿದ ಮೇಲೆ ಇನ್ನೂ ಒಂದು ಗಂಟೆಯ ಕೆಲಸ ಇರುತ್ತದೆ. ವೈರ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೊಣಕೈಗೆ ಸುತ್ತದೆ, ಅಗಲ ಸುರುಳಿಯಾಗಿ ಸುತ್ತಿ ಕಟ್ಟುತ್ತೇವೆ. ಬಿಗಿಯಾಗಿ ಸುತ್ತಿದರೆ ಒಳಗಿನ ತಂತಿ ತುಂಡಾಗುತ್ತದೆ. ಒದ್ದೆಯಾದ ಪರದೆ, ಜಮಖಾನಗಳನ್ನು ಮಡಚಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ನಮ್ಮ ಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಕಡೆ, ಹಗ್ಗ ಕಟ್ಟಿ ಹರವುತ್ತೇನೆ. ಮರುದಿನ ಬೆಳಿಗ್ಗೆ ಹಾಲ್‌ನ ಕೀಲಿ ವಾಪಸ್ ಕೊಟ್ಟು ಬರುತ್ತೇನೆ.