ಹಣ ಬಂತೆಂದು ನಂಬುವುದು ಯಾವಾಗ? ಆನ್‌ಲೈನ್ ಅಂಗಡಿಯಲ್ಲಿ ಮಾತುಕತೆ ಮತ್ತು ಪಾವತಿ ಭದ್ರತೆ

ಆನ್‌ಲೈನ್ ಅಂಗಡಿಗೆ ಕನ್ನ ಹಾಕಬೇಕೆಂದವರು ಸರ್ವರ್ ಒಡೆಯಲೇಬೇಕೆಂದಿಲ್ಲ. ಚಾಟ್‌ನಲ್ಲಿ ನಯವಾಗಿ ನಾಲ್ಕು ಮಾತಾಡಿ, ಒಂದು ಸ್ಕ್ರೀನ್‌ಶಾಟ್ ಕಳಿಸಿ, 'ಅರ್ಜೆಂಟ್ ಇದೆ, ಇವತ್ತೇ ಕಳಿಸಿ' ಎಂದರೆ ಮಾಲು ಹೊರಗೆ ಹೋಗುವ ಅಂಗಡಿಗಳು ಬೇಕಾದಷ್ಟಿವೆ. ಗ್ರಾಹಕರೊಂದಿಗಿನ ಮಾತುಕತೆ ಒಬ್ಬರ ಕೆಲಸ, ಪಾವತಿಯ ಭದ್ರತೆ ಇನ್ನೊಬ್ಬರ ಕೆಲಸ ಎಂದು ಪಾಲು ಮಾಡಿಟ್ಟರೆ ಎರಡೂ ಕೆಡುತ್ತವೆ. ಚಾಟ್‌ಗೆ ಉತ್ತರಿಸುವವರಿಗೆ ಹಣ ಬಂದದ್ದನ್ನು ಎಲ್ಲಿ ನೋಡಬೇಕೆಂದು ಗೊತ್ತಿರಬೇಕು. ಪಾವತಿಯ ಕೋಡ್ ಬರೆಯುವವರಿಗೆ, ಅದು ಅರ್ಧಕ್ಕೆ ನಿಂತಾಗ ಗ್ರಾಹಕರು ಏನು ಕೇಳುತ್ತಾರೆಂದು ಗೊತ್ತಿರಬೇಕು.

ಕಾರ್ಡ್ ಮಾಹಿತಿ ನಿಮ್ಮ ಬಳಿಗೆ ಬರದಿರಲಿ

ಮೊದಲ ನಿರ್ಧಾರ ಇದು: ಕಾರ್ಡ್ ನಂಬರ್ ನಿಮ್ಮ ಸರ್ವರ್ ಮುಟ್ಟಬಾರದು. ಪೇಮೆಂಟ್ ಗೇಟ್‌ವೇಯ (ಗ್ರಾಹಕರಿಂದ ಹಣ ಪಡೆದು ನಿಮಗೆ ತಲುಪಿಸುವ ಸೇವೆ) ಪುಟಕ್ಕೇ ಗ್ರಾಹಕರನ್ನು ಕಳಿಸಿ, ಇಲ್ಲವೇ ಗೇಟ್‌ವೇ ಕೊಡುವ ಐಫ್ರೇಮ್ ಫಾರಂ (ನಿಮ್ಮ ಪುಟದೊಳಗೇ ತೆರೆದುಕೊಳ್ಳುವ ಗೇಟ್‌ವೇಯ ಪುಟ್ಟ ಕಿಟಕಿ) ಬಳಸಿ. ನಿಮಗೆ ವಾಪಸ್ ಬರಬೇಕಾದದ್ದು ಒಂದು ಟೋಕನ್ (ಕಾರ್ಡ್ ನಂಬರ್ ಬದಲಿಗೆ ಬಳಸುವ ಗುರುತು) ಮತ್ತು ಕಾರ್ಡ್‌ನ ಕೊನೆಯ 4 ಅಂಕಿ, ಅಷ್ಟೇ. ಹಾಗೆ ಮಾಡಿದರೆ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಭದ್ರತಾ ಮಾನದಂಡದಲ್ಲಿ ನೀವು ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿಯೂ ಬಹಳ ಚಿಕ್ಕದಾಗುತ್ತದೆ. ಕಾರ್ಡ್ ಹಿಂಬದಿಯ ಸಿವಿವಿಯನ್ನಂತೂ ಪಾವತಿಗೆ ಒಪ್ಪಿಗೆ ಸಿಕ್ಕಮೇಲೆ ಎನ್‌ಕ್ರಿಪ್ಟ್ ಮಾಡಿ ಇಟ್ಟುಕೊಳ್ಳುವುದಕ್ಕೂ ವ್ಯಾಪಾರಿಗಳಿಗೆ ಅನುಮತಿಯಿಲ್ಲ.

ಆದರೆ ಐಫ್ರೇಮ್ ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಅದನ್ನು ಸುತ್ತುವರಿದ ಪುಟ ನಿಮ್ಮದೇ, ಆ ಪುಟದಲ್ಲಿ ಓಡುವ ಸ್ಕ್ರಿಪ್ಟ್‌ಗಳೂ ನಿಮ್ಮವೇ. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ವೆಬ್‌ಸೈಟ್‌ನಲ್ಲಿ, ಮೊದಲೇ ಇದ್ದ ಒಂದು ಜಾವಾಸ್ಕ್ರಿಪ್ಟ್ ಫೈಲಿಗೆ ಯಾರೋ ಸೇರಿಸಿದ 22 ಸಾಲು ಕೋಡ್ ಗ್ರಾಹಕರು ತುಂಬುತ್ತಿದ್ದ ವಿವರವನ್ನೆಲ್ಲ ಕಂಪನಿಯ ಹೆಸರನ್ನೇ ಹೋಲುವ ಬೇರೊಂದು ವಿಳಾಸಕ್ಕೆ ರವಾನಿಸುತ್ತಿತ್ತು. 2020ರಲ್ಲಿ ಅದಕ್ಕೆ ಬಿದ್ದ ದಂಡ 2 ಕೋಟಿ ಪೌಂಡ್. ಆದ್ದರಿಂದ ಪಾವತಿ ಪುಟದಿಂದ ಚಾಟ್ ವಿಜೆಟ್, ಜಾಹೀರಾತಿನ ಪಿಕ್ಸೆಲ್, ಭೇಟಿಗಳನ್ನು ಎಣಿಸುವ ಸ್ಕ್ರಿಪ್ಟ್ ಎಲ್ಲವನ್ನೂ ತೆಗೆದುಹಾಕಿ. ಉಳಿಯಲೇಬೇಕಾದ ಪ್ರತಿಯೊಂದು ಸ್ಕ್ರಿಪ್ಟ್ ಯಾಕೆ ಬೇಕೆಂದು ಒಂದು ಸಾಲು ಬರೆದಿಡಿ. ಕಾರಣ ಬರೆಯಲು ತಡವರಿಸಿದರೆ ಅದು ಬೇಡವೆಂದೇ ಅರ್ಥ. ಯಾವ ವಿಳಾಸಗಳಿಂದ ಸ್ಕ್ರಿಪ್ಟ್ ಬರಬಹುದು, ವಿವರ ಎಲ್ಲೆಲ್ಲಿಗೆ ಹೋಗಬಹುದು ಎಂಬುದನ್ನು ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ (ನಿಮ್ಮ ಸರ್ವರ್ ಬ್ರೌಸರ್‌ಗೆ ಕೊಡುವ ನಿಯಮಗಳ ಪಟ್ಟಿ) ಕಟ್ಟಿಹಾಕಿ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನಲ್ಲಿ 1.2ಕ್ಕಿಂತ ಹಳೆಯ ಆವೃತ್ತಿಗಳನ್ನು ಸರ್ವರ್‌ನಲ್ಲಿ ಆಫ್ ಮಾಡಿ.

'ಪಾವತಿ ಯಶಸ್ವಿ' ಪುಟವನ್ನು ನಂಬಬೇಡಿ

ಹೆಚ್ಚು ಎಡವಟ್ಟಾಗುವುದು ಇಲ್ಲಿ. ಗ್ರಾಹಕರು ಹಣ ಕಟ್ಟಿದ ಮೇಲೆ ಗೇಟ್‌ವೇ ಅವರನ್ನು ನಿಮ್ಮ ಸೈಟಿನ 'ಯಶಸ್ವಿ' ಪುಟಕ್ಕೆ ಕಳಿಸುತ್ತದೆ. ಆ ಪುಟ ತೆರೆದುಕೊಂಡ ಕೂಡಲೇ ಆರ್ಡರನ್ನು 'ಪಾವತಿಯಾಗಿದೆ' ಎಂದು ಬದಲಿಸುವಂತೆ ಕೋಡ್ ಬರೆದಿದ್ದರೆ ಎರಡು ಬಗೆಯ ತೊಂದರೆ. ಒಂದು, ಆ ಪುಟದ ವಿಳಾಸವನ್ನು ಬ್ರೌಸರ್‌ನಲ್ಲಿ ನೇರವಾಗಿ ಟೈಪ್ ಮಾಡಿ ಯಾರು ಬೇಕಾದರೂ ಹಣ ಕಟ್ಟದೆಯೇ ಆರ್ಡರ್ ಪಾಸ್ ಮಾಡಿಸಿಕೊಳ್ಳಬಹುದು. ಎರಡು, ನಿಜವಾಗಿ ಹಣ ಕಟ್ಟಿದವರ ಫೋನ್ ಆ ಕ್ಷಣದಲ್ಲಿ ನೆಟ್‌ವರ್ಕ್ ಕಳೆದುಕೊಂಡರೆ ಹಣ ಹೋಗಿರುತ್ತದೆ, ಆರ್ಡರ್ ಇರುವುದಿಲ್ಲ.

ನಂಬಬೇಕಾದದ್ದು ಗೇಟ್‌ವೇ ನಿಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ವೆಬ್‌ಹುಕ್ ಸಂದೇಶವನ್ನು, ಅದೂ ಸಹಿ ಪರೀಕ್ಷಿಸಿದ ಮೇಲೆ. ಸಾಮಾನ್ಯವಾಗಿ ಗೇಟ್‌ವೇ ಮತ್ತು ನಿಮ್ಮ ನಡುವೆ ಒಂದು ರಹಸ್ಯ ಕೀ ಇರುತ್ತದೆ. ಆ ಕೀ ಬಳಸಿ ಸಂದೇಶದ ಎಚ್‌ಮ್ಯಾಕ್ (ಸಂದೇಶ ಮತ್ತು ಕೀ ಸೇರಿಸಿ ಹುಟ್ಟಿಸುವ ಸಹಿ) ಲೆಕ್ಕ ಹಾಕಿ, ಹೆಡರ್‌ನಲ್ಲಿ ಬಂದದ್ದರೊಂದಿಗೆ ತಾಳೆ ನೋಡಬೇಕು. ಲೆಕ್ಕವನ್ನು ಸಂದೇಶ ಬಂದ ಹಾಗೆಯೇ, ಕಚ್ಚಾ ರೂಪದ ಮೇಲೆ ಮಾಡಿ. ಫ್ರೇಮ್‌ವರ್ಕ್ ಜೇಸನ್ (ಸಂದೇಶ ಬರುವ ಪಠ್ಯರೂಪ) ಅನ್ನು ಬಿಡಿಸಿ ಮತ್ತೆ ಜೋಡಿಸಿ ಕೊಟ್ಟರೆ ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೂ ಸಹಿ ಹೊಂದುವುದಿಲ್ಲ. ಇದನ್ನು ಪತ್ತೆ ಮಾಡಲು ತಾಳ್ಮೆಯಿಲ್ಲದೆ ಸಹಿ ಪರೀಕ್ಷೆಯನ್ನೇ 'ಸದ್ಯಕ್ಕೆ' ತೆಗೆದುಹಾಕುವವರಿದ್ದಾರೆ. ಆ ಸದ್ಯಕ್ಕೆ ಎಂಬುದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಸಹಿ ಸರಿಯಿದ್ದರೆ ಮುಂದಿನ ತಾಳೆ: ಆರ್ಡರ್ ಐಡಿ, ಮೊತ್ತ, ಕರೆನ್ಸಿ. ಮೂರೂ ನಿಮ್ಮ ಡೇಟಾಬೇಸ್‌ನಲ್ಲಿರುವುದಕ್ಕೆ ಹೊಂದಬೇಕು. ಬೆಲೆಯನ್ನು ಬ್ರೌಸರ್‌ನಿಂದ ಬಂದ ಫಾರಂನಿಂದ ಎತ್ತಿಕೊಳ್ಳಬೇಡಿ, ಡೆವಲಪರ್ ಟೂಲ್ಸ್ ತೆರೆದು ಅದನ್ನು 1 ಎಂದು ತಿದ್ದಲು ಅರ್ಧ ನಿಮಿಷ ಸಾಕು. ಬ್ರೌಸರ್ ಕಳಿಸಬೇಕಾದದ್ದು ಯಾವ ಸರಕು, ಎಷ್ಟು ಎಂಬುದಷ್ಟೇ. ಬೆಲೆ, ರಿಯಾಯಿತಿ, ಸಾಗಣೆ ವೆಚ್ಚದ ಲೆಕ್ಕ ಸರ್ವರ್‌ನಲ್ಲಿ. ಇನ್ನೊಂದು ಸಣ್ಣ ಕಿತಾಪತಿ: ಅನೇಕ ಗೇಟ್‌ವೇಗಳು ಮೊತ್ತವನ್ನು ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ, ಅಂದರೆ ರೂಪಾಯಿಯಾದರೆ ಪೈಸೆಯಲ್ಲಿ, ಕೇಳುತ್ತವೆ. 1,500 ರೂಪಾಯಿಗೆ 1,500 ಎಂದೇ ಕಳಿಸಿದರೆ ಅದು 15 ರೂಪಾಯಿ ಆಗಿಬಿಡುತ್ತದೆ, 1,50,000 ಎಂದು ಕಳಿಸಬೇಕು. ಜಪಾನಿನ ಯೆನ್‌ನಂತೆ ಚಿಲ್ಲರೆ ಘಟಕ ಬಳಕೆಯಲ್ಲಿಲ್ಲದ ಕರೆನ್ಸಿಗೆ ಈ ನೂರರ ಗುಣಾಕಾರ ಮಾಡಿದರೆ ಗ್ರಾಹಕರಿಗೆ ನೂರು ಪಟ್ಟು ಬಿಲ್ ಬೀಳುತ್ತದೆ.

ಒಂದೇ ವೆಬ್‌ಹುಕ್ ಎರಡು ಮೂರು ಸಲ ಬರುವುದು ಸಹಜ. ನಿಮ್ಮ ಸರ್ವರ್ ಉತ್ತರ ಕೊಡಲು ತಡ ಮಾಡಿದರೆ ಗೇಟ್‌ವೇ ಮತ್ತೆ ಕಳಿಸುತ್ತದೆ. ಸಂದೇಶವನ್ನು ಉಳಿಸಿಕೊಂಡು ಕೂಡಲೇ 200 (ಸಂದೇಶ ತಲುಪಿತು ಎಂಬ ಕೋಡ್) ಎಂದು ಉತ್ತರಿಸಿ, ಇಮೇಲ್ ಕಳಿಸುವುದು, ಬಿಲ್ ತಯಾರಿಸುವುದು ಮುಂತಾದ ನಿಧಾನದ ಕೆಲಸಗಳನ್ನು ಸರತಿಗೆ ಹಾಕಿ. ಪ್ರತಿ ಸಂದೇಶದ ಐಡಿಯನ್ನು ಡೇಟಾಬೇಸ್‌ನಲ್ಲಿ ಯುನೀಕ್ ಕಾಲಂ (ಒಂದೇ ಮೌಲ್ಯ ಎರಡು ಸಲ ಸೇರದ ಕಾಲಂ) ಮಾಡಿಟ್ಟರೆ ಎರಡನೇ ಸಲ ಬಂದದ್ದು ತಾನೇ ಬಿದ್ದುಹೋಗುತ್ತದೆ. ಸಂದೇಶಗಳು ಹಿಂದುಮುಂದಾಗಿಯೂ ಬರುತ್ತವೆ. ಮೊದಲ ಪ್ರಯತ್ನ ಫೇಲ್ ಆದ ಸುದ್ದಿ ಎರಡನೇ ಪ್ರಯತ್ನ ಪಾಸ್ ಆದ ಸುದ್ದಿಯ ನಂತರ ಬರಬಹುದು. ಹಾಗಾಗಿ ಒಮ್ಮೆ 'ಪಾವತಿಯಾಗಿದೆ' ಎಂದಾದ ಆರ್ಡರನ್ನು ತಡವಾಗಿ ಬಂದ 'ಫೇಲ್' ಸಂದೇಶ ಹಿಂದಕ್ಕೆ ತಳ್ಳಬಾರದು.

ಕಾರ್ಡ್‌ನಲ್ಲಿ 'ಅಥರೈಸ್' ಆದದ್ದು ಹಣ ಬಂದದ್ದಲ್ಲ ಎಂಬುದೂ ನೆನಪಿರಲಿ. ಆ ಮೊತ್ತವನ್ನು ಬ್ಯಾಂಕ್ ತಡೆಹಿಡಿದಿದೆ ಅಷ್ಟೇ. ನೀವು ಅದನ್ನು 'ಕ್ಯಾಪ್ಚರ್' ಮಾಡದೆ, ಅಂದರೆ ನಿಮ್ಮ ಕಡೆಗೆ ಪಡೆದುಕೊಳ್ಳದೆ ಬಿಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿ ಗ್ರಾಹಕರಿಗೇ ಮರಳುತ್ತದೆ, ಅಷ್ಟರಲ್ಲಿ ನೀವು ಮಾಲು ಕಳಿಸಿಯಾಗಿರುತ್ತದೆ.

'ಹಣ ಕಟ್ ಆಗಿದೆ, ಆರ್ಡರ್ ಕಾಣ್ತಿಲ್ಲ'

ಈ ಮಾತು ಬರದ ಅಂಗಡಿಯಿಲ್ಲ. ಉತ್ತರ ಕೊಡುವವರು ಮಾಡಬೇಕಾದ ಮೊದಲ ಕೆಲಸ ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ಆರ್ಡರ್ ಐಡಿ ಅಥವಾ ಪಾವತಿಯ ರೆಫರೆನ್ಸ್ ನಂಬರ್ ಹುಡುಕುವುದು. 'ಮತ್ತೊಮ್ಮೆ ಪೇ ಮಾಡಿ ನೋಡಿ' ಎಂದು ಹೇಳುವುದು ಅತಿ ಕೆಟ್ಟ ಉತ್ತರ, ಎರಡು ಸಲ ಹಣ ಹೋಗಿ ಸಿಟ್ಟು ನಾಲ್ಕು ಪಟ್ಟಾಗುತ್ತದೆ. ಹೀಗೆ ಬರೆಯಬಹುದು:

'ನಿಮ್ಮ ಪಾವತಿಯ ಪ್ರಯತ್ನ ನಮಗೆ ಕಾಣಿಸುತ್ತಿದೆ, ಬ್ಯಾಂಕ್‌ನಿಂದ ಅಂತಿಮ ಉತ್ತರ ಇನ್ನೂ ಬಂದಿಲ್ಲ. ದಯವಿಟ್ಟು ಮತ್ತೆ ಹಣ ಕಟ್ಟಬೇಡಿ. ಇಂದು ಸಂಜೆ 6 ಗಂಟೆಯೊಳಗೆ ಇದೇ ಚಾಟ್‌ನಲ್ಲಿ ತಿಳಿಸುತ್ತೇವೆ. ಕಾರ್ಡ್ ನಂಬರ್, ಪಿನ್, ಒಟಿಪಿ ಯಾವುದೂ ನಮಗೆ ಬೇಕಿಲ್ಲ, ಯಾರು ಕೇಳಿದರೂ ಕೊಡಬೇಡಿ.'

ಸ್ಥಿತಿ ಏನು, ಏನು ಮಾಡಬಾರದು, ಮುಂದಿನ ಸುದ್ದಿ ಯಾವಾಗ, ಇಷ್ಟೂ ಅದರಲ್ಲಿವೆ. 'ಆದಷ್ಟು ಬೇಗ' ಎನ್ನುವ ಬದಲು ಗಂಟೆ ಹೇಳಿ, ಹೇಳಿದ ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೂ 'ಇನ್ನೂ ಬಂದಿಲ್ಲ' ಎಂದಾದರೂ ಬರೆಯಿರಿ. ಹಿಂಬದಿಯಲ್ಲಿ, 15 ನಿಮಿಷ ಕಳೆದರೂ ತೂಗಾಡುತ್ತಿರುವ ಆರ್ಡರ್‌ಗಳ ಸ್ಥಿತಿಯನ್ನು ಗೇಟ್‌ವೇಯನ್ನೇ ಕೇಳಿ ಸರಿಪಡಿಸುವ ಒಂದು ಸಣ್ಣ ಪ್ರೋಗ್ರಾಂ ಓಡುತ್ತಿದ್ದರೆ ಇಂಥ ಅರ್ಧಕ್ಕರ್ಧ ದೂರು ಚಾಟ್‌ವರೆಗೆ ಬರುವುದೇ ಇಲ್ಲ.

ಚಾಟ್‌ನಲ್ಲಿ ಬರುವ ಬಲೆಗಳು

ಪಾವತಿಯ ಸ್ಕ್ರೀನ್‌ಶಾಟ್‌ಗೆ ಬೆಲೆಯಿಲ್ಲ. ಅದನ್ನು ತಯಾರಿಸುವ ನಕಲಿ ಆ್ಯಪ್‌ಗಳೇ ಇವೆ. ಅಸಲಿ ಸ್ಕ್ರೀನ್‌ಶಾಟ್ ಆಗಿದ್ದರೂ ಅದು ಹಿಂದಿನ ವಾರದ್ದಿರಬಹುದು, ಇಲ್ಲವೇ ಹಣ ಬೇರೆ ಯಾರಿಗೋ ಹೋಗಿದ್ದಿರಬಹುದು. ನಿಮ್ಮ ಖಾತೆಗೆ ಅಥವಾ ಡ್ಯಾಶ್‌ಬೋರ್ಡ್‌ಗೆ ಬಂದದ್ದೇ ಲೆಕ್ಕ. ಬಂದ ಎಸ್‌ಎಂಎಸ್ ನೋಡಿ ಮಾಲು ಬಿಡುವುದೂ ಅಷ್ಟೇ ಅಪಾಯ, ಬ್ಯಾಂಕಿನಂತೆಯೇ ಕಾಣುವ ಎಸ್‌ಎಂಎಸ್ ಕಳಿಸುವುದು ಕಷ್ಟವೇನಲ್ಲ.

ಹೆಚ್ಚು ಹಣ ಕಟ್ಟಿ, 'ತಪ್ಪಾಯ್ತು, ಉಳಿದದ್ದನ್ನು ಈ ಇನ್ನೊಂದು ಖಾತೆಗೆ ಹಾಕಿ' ಎನ್ನುವವರ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಮೊದಲು ಕಟ್ಟಿದ್ದು ಕದ್ದ ಕಾರ್ಡ್‌ನಿಂದ ಆಗಿದ್ದರೆ ಕಾರ್ಡ್‌ನ ನಿಜವಾದ ಒಡೆಯರು ದೂರು ಕೊಟ್ಟಾಗ ಪೂರ್ತಿ ಮೊತ್ತ ನಿಮ್ಮಿಂದ ಕಡಿತವಾಗುತ್ತದೆ, ನೀವು 'ವಾಪಸ್' ಹಾಕಿದ್ದೂ ಹೋಗಿರುತ್ತದೆ. ರಿಫಂಡ್ ಏನಿದ್ದರೂ ಹಣ ಬಂದ ದಾರಿಯಲ್ಲೇ, ಗೇಟ್‌ವೇಯ ರಿಫಂಡ್ ಬಟನ್ ಮೂಲಕವೇ. ಇದನ್ನು ಸೈಟಿನ ನಿಯಮಗಳ ಪುಟದಲ್ಲಿ ಮೊದಲೇ ಬರೆದಿಟ್ಟರೆ ಸಿಬ್ಬಂದಿಗೆ ಇಲ್ಲ ಎನ್ನಲು ಆಸರೆ ಸಿಗುತ್ತದೆ.

ಹಣ ಕಟ್ಟಿದ ಮೇಲೆ ವಿಳಾಸ ಬದಲಿಸಲು ಕೇಳುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಆದರೂ ಬೆಲೆಬಾಳುವ ಸರಕಾದರೆ ಆರ್ಡರ್ ರದ್ದು ಮಾಡಿ, ಹೊಸ ವಿಳಾಸದೊಂದಿಗೆ ಮತ್ತೆ ಮಾಡಿಸಿ. ಹಳೆಯ ಗ್ರಾಹಕರ ಖಾತೆ ಕದ್ದವರು ಮಾಡುವ ಮೊದಲ ಕೆಲಸ ಇಮೇಲ್ ಮತ್ತು ವಿಳಾಸ ಬದಲಿಸುವುದು. ಅಂಥ ಬದಲಾವಣೆಯಾದಾಗ ಹಳೆಯ ಇಮೇಲ್‌ಗೂ ಒಂದು ಸೂಚನೆ ಹೋಗಲಿ.

ಇನ್ನೊಂದು ಸಂದರ್ಭದಲ್ಲಿ ಯಾರ ಕೆಟ್ಟ ಉದ್ದೇಶವೂ ಇರುವುದಿಲ್ಲ. ಪಾವತಿ ಆಗುತ್ತಿಲ್ಲವೆಂದು ಬೇಸತ್ತ ಗ್ರಾಹಕರು ಕಾರ್ಡ್‌ನ ಎರಡೂ ಬದಿಯ ಫೋಟೊ ತೆಗೆದು ಚಾಟ್‌ಗೆ ಹಾಕುತ್ತಾರೆ. ಅದನ್ನು ಬಳಸಿ ನೀವೇ ಪಾವತಿ ಮಾಡಿಕೊಡಲು ಹೋಗಬೇಡಿ. ಫೋಟೊ ಅಳಿಸಿ, ಅಳಿಸಿದ್ದೇವೆಂದು ಹೇಳಿ, ಪಾವತಿಯ ಲಿಂಕ್ ಹೊಸದಾಗಿ ಕಳಿಸಿ. ಆಮೇಲೆ ನೋಡಬೇಕಾದದ್ದು ಅದರ ಪ್ರತಿಗಳನ್ನು. ಚಾಟ್ ಸಾಫ್ಟ್‌ವೇರ್ ಪ್ರತಿ ಸಂದೇಶವನ್ನೂ ಇಮೇಲ್‌ಗೆ ಕಳಿಸುತ್ತಿದ್ದರೆ ಫೋಟೊ ಅಲ್ಲಿ ಕೂತಿರುತ್ತದೆ, ಫೋನ್ ತಾನೇ ಗ್ಯಾಲರಿಗೆ ಇಳಿಸಿಕೊಂಡಿರುತ್ತದೆ, ಗ್ಯಾಲರಿ ಕ್ಲೌಡ್‌ಗೆ ಬ್ಯಾಕಪ್ ಆಗಿರುತ್ತದೆ. ಅಂಗಡಿಯ ಫೋನ್‌ನಲ್ಲಿ ಆಟೊ ಡೌನ್‌ಲೋಡ್ ಆಫ್ ಇರಲಿ. ನಂಬರನ್ನು ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದರೆ, ಆ ಸಂದೇಶವನ್ನೇ ಕೋಟ್ ಮಾಡಿ ಉತ್ತರಿಸಬೇಡಿ, ಮತ್ತೊಂದು ಪ್ರತಿ ಹುಟ್ಟುತ್ತದೆ.

ನಿಮ್ಮ ಹೆಸರಿನಲ್ಲಿ ಬೇರೆಯವರು

'ರಿಫಂಡ್ ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಎಂದು ನಿಮ್ಮ ಲೋಗೊ ಹಾಕಿಕೊಂಡು ಗ್ರಾಹಕರಿಗೆ ಕರೆ ಮಾಡುವವರಿರುತ್ತಾರೆ. ಇದಕ್ಕೆ ಮದ್ದು ನಿಮ್ಮ ಮಾತಿನ ರೂಢಿ ಬದಲಾಗದಿರುವುದು. ಸಂಪರ್ಕದ ನಂಬರ್ ಒಂದೇ, ಇಮೇಲ್ ಡೊಮೈನ್ ಒಂದೇ, ಪಾವತಿಯ ಪುಟದ ವಿಳಾಸವೂ ಯಾವಾಗಲೂ ಒಂದೇ. ಒಂದು ದಿನ ಚಿಕ್ಕದಾಗಿಸಿದ ಲಿಂಕ್, ಇನ್ನೊಂದು ದಿನ ಸಿಬ್ಬಂದಿಯ ಸ್ವಂತ ಫೋನ್‌ನಿಂದ ಮೆಸೇಜ್ ಹೋಗುತ್ತಿದ್ದರೆ ಅಸಲಿ ಯಾವುದೆಂದು ಗ್ರಾಹಕರಿಗೆ ತಿಳಿಯುವುದಾದರೂ ಹೇಗೆ?

ನಿಮ್ಮ ಹೆಸರಿನಲ್ಲಿ ಬೇರೆಯವರು ಇಮೇಲ್ ಕಳಿಸದಂತೆ ಡೊಮೈನ್‌ಗೆ ಎಸ್‌ಪಿಎಫ್ (ಯಾವ ಸರ್ವರ್‌ಗಳು ಇಮೇಲ್ ಕಳಿಸಬಹುದೆಂಬ ಪಟ್ಟಿ), ಡಿಕಿಮ್ (ಇಮೇಲ್‌ಗೆ ಹಾಕುವ ಸಹಿ), ಡಿಮಾರ್ಕ್ (ಇವು ಹೊಂದದಿದ್ದರೆ ಏನು ಮಾಡಬೇಕೆಂಬ ನಿಯಮ) ಮೂರೂ ದಾಖಲೆ ಹಾಕಿ. ಡಿಮಾರ್ಕ್ ಪಾಲಿಸಿಯನ್ನು 'ನನ್'ನಿಂದ (ಏನೂ ತಡೆಯದೆ ವರದಿ ಮಾತ್ರ) ಶುರು ಮಾಡಿ ಕೆಲವು ವಾರ ವರದಿ ಓದಿ, ಬಿಲ್ ಕಳಿಸುವ ಸೇವೆ, ಸುದ್ದಿಪತ್ರದ ಸೇವೆ ಎಲ್ಲವೂ ಪಾಸ್ ಆಗುತ್ತಿವೆ ಎಂದಾದ ಮೇಲೆ 'ಕ್ವಾರಂಟೈನ್' (ಸ್ಪ್ಯಾಮ್‌ಗೆ ಹಾಕು), ನಂತರ 'ರಿಜೆಕ್ಟ್' (ತಿರಸ್ಕರಿಸು). ನೇರವಾಗಿ ಕೊನೆಯದಕ್ಕೆ ಹಾರಿದರೆ ನಿಮ್ಮದೇ ಬಿಲ್‌ಗಳು ತಲುಪುವುದಿಲ್ಲ. ಎಸ್‌ಪಿಎಫ್‌ನಲ್ಲಿ 10ಕ್ಕಿಂತ ಹೆಚ್ಚು ಡಿಎನ್‌ಎಸ್ (ಡೊಮೈನ್‌ಗಳ ವಿಳಾಸಪಟ್ಟಿ) ಹುಡುಕಾಟ ಆಗುವಂತಿದ್ದರೆ ಅದು ದೋಷವೆಂದೇ ಲೆಕ್ಕ, ಹೊಸ ಸೇವೆ ಸೇರಿಸುವಾಗಲೆಲ್ಲ ಎಣಿಸಿ ನೋಡಿ.

ಸಣ್ಣ ಮೊತ್ತಗಳ ಸುರಿಮಳೆ

ರಾತ್ರೋರಾತ್ರಿ ಅತಿ ಅಗ್ಗದ ಒಂದು ಸರಕಿಗೆ ನೂರಾರು ಪಾವತಿ ಪ್ರಯತ್ನ, ಬಹುಪಾಲು ಫೇಲ್: ಕದ್ದ ಕಾರ್ಡ್‌ಗಳಲ್ಲಿ ಯಾವುದು ಜೀವಂತ ಎಂದು ನಿಮ್ಮ ಅಂಗಡಿಯಲ್ಲಿ ಪರೀಕ್ಷೆ ನಡೆಯುತ್ತಿದೆ. ಒಂದು ಐಪಿ, ಒಂದು ಇಮೇಲ್, ಒಂದು ಸೆಷನ್‌ಗೆ ಗಂಟೆಗೆ 5 ಪ್ರಯತ್ನದ ಮಿತಿ ಹಾಕಿ, ಎರಡು ಸಲ ಫೇಲ್ ಆದ ಮೇಲೆ ಕ್ಯಾಪ್ಚಾ ತೋರಿಸಿ. ಪಾಸ್ ಆದ ಪಾವತಿಗಳನ್ನು ಕೂಡಲೇ ರಿಫಂಡ್ ಮಾಡಿಬಿಡಿ, ಇಟ್ಟುಕೊಂಡರೆ ಪ್ರತಿಯೊಂದೂ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ಹಣ ಹಿಂಪಡೆಯುವ ದೂರು) ಆಗಿ ದಂಡದೊಂದಿಗೆ ಬರುತ್ತದೆ.

ಒಳಗಿನ ಕೀಲಿಕೈ

ಡ್ಯಾಶ್‌ಬೋರ್ಡ್‌ಗೆ ಎಲ್ಲರೂ ಒಂದೇ ಲಾಗಿನ್ ಬಳಸುವ ಪದ್ಧತಿ ನಿಲ್ಲಲಿ. ಚಾಟ್ ನೋಡುವವರಿಗೆ ಪಾವತಿಯ ಸ್ಥಿತಿ ಕಂಡರೆ ಸಾಕು, ರಿಫಂಡ್ ಮಾಡುವ ಅಧಿಕಾರ ಬೇರೆ, ಬ್ಯಾಂಕ್ ಖಾತೆಯ ವಿವರ ಬದಲಿಸುವ ಅಧಿಕಾರ ಇನ್ನೂ ಬೇರೆ. ಎರಡನೇ ಹಂತದ ಪರೀಕ್ಷೆಗೆ ಎಸ್‌ಎಂಎಸ್‌ಗಿಂತ ಅಥೆಂಟಿಕೇಟರ್ ಆ್ಯಪ್ ವಾಸಿ, ಸಿಮ್ ಸ್ವಾಪ್ ಮಾಡಿ ನಿಮ್ಮ ನಂಬರನ್ನು ತಮ್ಮ ಸಿಮ್‌ಗೆ ಬದಲಿಸಿಕೊಂಡವರಿಗೆ ಅದರ 30 ಸೆಕೆಂಡಿನ ಕೋಡ್ ಸಿಗುವುದಿಲ್ಲ. ಗೇಟ್‌ವೇಯ ರಹಸ್ಯ ಕೀ ಕೋಡ್ ರೆಪೊಸಿಟರಿಗೆ ಹೋಗಿದ್ದರೆ ಆ ಸಾಲು ಅಳಿಸಿ ಸುಮ್ಮನಾಗಬೇಡಿ. ಹಳೆಯ ಕಮಿಟ್‌ನಲ್ಲಿ (ಉಳಿಸಿಟ್ಟ ಹಿಂದಿನ ಆವೃತ್ತಿಯಲ್ಲಿ) ಅದು ಹಾಗೇ ಇರುತ್ತದೆ, ಕೀಯನ್ನೇ ಬದಲಿಸಿ.

ಚಾರ್ಜ್‌ಬ್ಯಾಕ್ ಬಂದಾಗ

ಗ್ರಾಹಕರು ನಿಮ್ಮನ್ನು ಕೇಳದೆ ನೇರವಾಗಿ ಬ್ಯಾಂಕಿಗೆ ದೂರು ಕೊಟ್ಟರೆ ಅದು ಚಾರ್ಜ್‌ಬ್ಯಾಕ್. ಅನೇಕ ಕಾರಣಗಳಿಗೆ ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ 120 ದಿನಗಳವರೆಗೂ ಅವಕಾಶವಿದೆ, ಆದ್ದರಿಂದ ಡೆಲಿವರಿಯ ದಾಖಲೆಗಳನ್ನು ತಿಂಗಳಿಗೇ ಅಳಿಸಬೇಡಿ. ಎಷ್ಟೋ ದೂರುಗಳ ಹಿಂದೆ ಮೋಸವೇ ಇರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅಂಗಡಿಯ ಹೆಸರಿನ ಬದಲು ಯಾರಿಗೂ ಗೊತ್ತಿಲ್ಲದ ನೋಂದಾಯಿತ ಕಂಪನಿಯ ಹೆಸರು ಕಂಡರೆ ಗಾಬರಿಯಾದವರು ಬ್ಯಾಂಕಿಗೇ ಫೋನ್ ಮಾಡುತ್ತಾರೆ. ಗೇಟ್‌ವೇ ಸೆಟ್ಟಿಂಗ್‌ನಲ್ಲಿ ಆ ಹೆಸರನ್ನು ಅಂಗಡಿಯ ಹೆಸರಿಗೆ ಬದಲಿಸಿ, 'ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಹೀಗೆ ಕಾಣಿಸುತ್ತದೆ' ಎಂದು ಆರ್ಡರ್ ಇಮೇಲ್‌ನಲ್ಲೂ ತಿಳಿಸಿ.

ತ್ರೀಡಿ ಸೆಕ್ಯೂರ್ (ಒಟಿಪಿಯಂಥ ವಿಧಾನದಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಗ್ರಾಹಕರನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ) ಮೂಲಕ ನಡೆದ ಪಾವತಿಯಲ್ಲಿ 'ನಾನು ಮಾಡಿದ್ದಲ್ಲ' ಎಂಬ ದೂರಿನ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಆದರೆ 'ಸರಕು ಬಂದಿಲ್ಲ', 'ತೋರಿಸಿದ್ದೇ ಒಂದು ಬಂದದ್ದೇ ಒಂದು' ಎಂಬ ದೂರುಗಳಿಗೆ ಆ ರಕ್ಷೆಯಿಲ್ಲ. ಅಲ್ಲಿ ನಿಲ್ಲುವುದು ಟ್ರ್ಯಾಕಿಂಗ್ ನಂಬರ್, ತಲುಪಿದ್ದಕ್ಕೆ ಸಹಿ ಅಥವಾ ಫೋಟೊ, ಆರ್ಡರ್ ಮಾಡಿದ ದಿನ ಸೈಟಿನಲ್ಲಿದ್ದ ಸರಕಿನ ವಿವರಣೆ, ರಿಫಂಡ್ ನಿಯಮಕ್ಕೆ ಒಪ್ಪಿದ ದಾಖಲೆ ಮತ್ತು ಪೂರ್ತಿ ಚಾಟ್. ಉತ್ತರಿಸಲು ಸಿಗುವ ಗಡುವನ್ನು ಗೇಟ್‌ವೇ ಕಳಿಸಿದ ನೋಟಿಸ್‌ನಲ್ಲೇ ನೋಡಿಕೊಳ್ಳಿ, ಅದು ದಾಟಿದರೆ ದಾಖಲೆ ಎಷ್ಟು ಗಟ್ಟಿಯಿದ್ದರೂ ಕೇಸು ಸೋತ ಹಾಗೆಯೇ. ದೂರು ಬಂದ ಮೇಲೆ ಗ್ರಾಹಕರನ್ನು ಸಮಾಧಾನಪಡಿಸಲು ಪ್ರತ್ಯೇಕವಾಗಿ ರಿಫಂಡ್ ಮಾಡಲು ಹೋಗಬೇಡಿ, ಬ್ಯಾಂಕ್ ಆಗಲೇ ಮೊತ್ತ ಕಡಿತ ಮಾಡಿದ್ದರೆ ಒಂದೇ ಆರ್ಡರ್‌ಗೆ ಎರಡು ಸಲ ಹಣ ಕೊಟ್ಟಂತಾಗುತ್ತದೆ.